ಕೊರೆವ ನೀರು

ಏಳು ಮೆನೆಗೊ, ನೀನೇ ಕಾಲ, ಎಂದರು ಮಾಸ್ತರು.
ರಿಯಾಲ್ಟೊ ಮೀನುಸಂತೆಯ ಹಮಾಲಿ
ಮಂಡಿ ಹಿಡಿದುಕೊಂಡು ಎದ್ದ.
ಬೆನ್ನಿಗೆ ಹೆಬ್ಬಾತಿನ ರೆಕ್ಕೆ, ಸೆಣಬಿನ ಹುರಿಯಲ್ಲಿ ಬಿಗಿದದ್ದು;
ಕೈಗೆ ಯಾರದೋ ತೋಟದ ಕುಡುಗೋಲು.
ಅವನಿದ್ದಷ್ಟು ಹೊತ್ತೂ ಆ ಕೋಣೆಯಲ್ಲಿ
ಕಾಲಕ್ಕೆ ಬೂತಾಯಿಯ ವಾಸನೆ.

ಸತ್ಯಕ್ಕೆ ಒರ್ಸೊಲಾ,
ಕಾಲುವೆಯಾಚೆ ಬಟ್ಟೆ ಒಗೆಯುವವಳು.
ಕೂಲಿ, ಒಂದು ಬೋಗುಣಿ ಕಾಳುಸಾರು, ರೊಟ್ಟಿ.
ಬಲಗೈಯಲ್ಲಿ ಸೂರ್ಯನನ್ನು ಎತ್ತಿ ಹಿಡಿಯಬೇಕು
(ಸೂರ್ಯನೆಂದರೆ ನಮ್ಮ ಅಡುಗೆಮನೆಯ ಮುಚ್ಚಳ),
ಕಾಲಡಿಗೆ ಭೂಮಂಡಲ, ಕುಂಬಳಕಾಯಿ.
ಕಾಲ ಬಂದು ಸತ್ಯದ ಮುಸುಕು ತೆಗೆಯುತ್ತಾನೆ:
ಪಾದ್ವಾದ ವಕೀಲರೊಬ್ಬರು ತಮ್ಮ ಪುಸ್ತಕದ ಮೊದಲ ಪುಟಕ್ಕೆ
ಮುಂಗಡ ಕೊಟ್ಟು ಹೇಳಿಹೋದ ಚಿತ್ರ.

ಮುಸುಕು ಸರಿಯಿತು.
ಎಡ ಭುಜದಿಂದ ಮಣಿಕಟ್ಟಿನವರೆಗೆ
ಸಿಡುಬು ಉತ್ತು ಬಿಟ್ಟುಹೋದ ಹೊಲ.
ಮಾಸ್ತರು ನೋಡಿದರು. ಮೂಗು ಉಜ್ಜಿಕೊಂಡರು.
ಬರೆಯಲಿಲ್ಲ.
ಕಾಗದದ ಮೇಲೆ ಅವಳ ತೋಳು
ಕೆನೆಗಟ್ಟಿದ ಹಾಲಿನ ಹಾಗೆ.
ಒರ್ಸೊಲಾ ಬಗ್ಗಿ ನೋಡಿ, ಇವಳ್ಯಾರು, ಎಂದಳು.
ಸತ್ಯ, ಎಂದರು ಮಾಸ್ತರು.
ಒಂದು ದಿನವೂ ಬಟ್ಟೆ ಒಗೆದವಳಲ್ಲ ಬಿಡಿ,
ಎಂದು ಸಾರಿನ ಮುಂದೆ ಕೂತಳು.

ನನಗಾಗ ಹದಿಮೂರು. ತಗಡು ನನ್ನ ಪಾಲು.
ಕಾಯಿಸಿ, ಮೇಣ ಸವರಿ, ಮಗುಚಿ ತೂಗುಹಾಕಿ
ಬತ್ತಿಯ ಹೊಗೆಯಲ್ಲಿ ಕಪ್ಪಿಡಬೇಕು.
ಬತ್ತಿ ನಿಲ್ಲಕೂಡದು,
ಮೂಸುವ ನಾಯಿಯ ಹಾಗೆ ಸುಳಿಯುತ್ತಲೇ ಇರಬೇಕು.
ನಿಂತಿತು.
ಅವಳು ರೊಟ್ಟಿ ಅದ್ದುತ್ತಿದ್ದಳು. ಸಾರಿನ ಒಂದು ಹನಿ
ಕೈಮೇಲೆ ಇಳಿದು, ಒಂದು ಕುಳಿಯಲ್ಲಿ ನಿಂತು,
ಅದು ತುಂಬಿದ ಮೇಲೆ
ಮುಂದಿನ ಕುಳಿಗೆ ಹೋಯಿತು.
ಎಷ್ಟು ಹೊತ್ತು ನೋಡಿದೆನೋ.
ಸುಟ್ಟ ಮೇಣ ಹೊರಗೆ ಗೊತ್ತಾಗುವುದಿಲ್ಲ.

ಮೂರು ದಿನ ಸೂಜಿ ಓಡಿತು.
ಗೀಚಿದಲ್ಲೆಲ್ಲ ಕಪ್ಪಿನೊಳಗಿಂದ ತಾಮ್ರ
ಕೆಂಪಗೆ ಕಣ್ಣು ಬಿಟ್ಟಿತು.
ಆಮೇಲೆ ಕೊರೆವ ನೀರು. ಕಿಟಕಿ ತೆರೆದಿಟ್ಟು, ಕೆಮ್ಮುತ್ತ,
ಗೆರೆಗಳಿಂದ ಏಳುವ ಗುಳ್ಳೆಗಳನ್ನು ನಾನು
ಗರಿಯಿಂದ ಸವರುತ್ತಿದ್ದೆ.
ಗರಿ ಮೆನೆಗೊನದು, ರೆಕ್ಕೆಯಿಂದ ಉದುರಿದ್ದು.
ಗೆರೆಯಿಲ್ಲದ ಕಡೆಯೂ ಗುಳ್ಳೆ ಎದ್ದವು.
ಕಂಡೆ. ಹೇಳಲಿಲ್ಲ.

ಮೊದಲ ಹಾಳೆ ಎತ್ತಿದಾಗ ಎಲ್ಲ ಅದಲುಬದಲು:
ಕಾಲ ಎಡಚ. ಸೂರ್ಯ ಎಡಗೈಗೆ ದಾಟಿದ್ದ.
ನೆಟ್ಟಗೆ ಬಂದದ್ದು ಒಂದೇ,
ಹಿಂದುಮುಂದಾಗಿ ಕೊರೆದಿದ್ದ ಮಾಸ್ತರರ ಹೆಸರು:
ಅಂಜೊಲೊ ಫುರ್ಲಾನ್, ವೆನಿಸ್, ೧೭೬೨.
ಮತ್ತೆ ಸತ್ಯದ ಬಲ ತೋಳಿನುದ್ದಕ್ಕೂ
ಸಾಸಿವೆ ಚೆಲ್ಲಿದಂತೆ ಚುಕ್ಕೆ,
ಯಾರೂ ಬರೆಯದ ಚುಕ್ಕೆ.

ನನ್ನ ಕಿವಿ ಹಿಂಡಿ ಮುಗಿದ ಮೇಲೆ
ಉಕ್ಕಿನ ಕಡ್ಡಿ ತಂದು ತಗಡನ್ನು ಉಜ್ಜಿದರು.
ತೋಳು ಹೊಳೆಯಿತು. ಚುಕ್ಕೆ ಕದಲಲಿಲ್ಲ.
ಕೊನೆಗೆ ವಕೀಲರಿಗೆ ಕಾಗದ ಹೋಯಿತು:
ಅವು ನಕ್ಷತ್ರಗಳು ಸ್ವಾಮಿ,
ಸತ್ಯ ಮೇಲಿನಿಂದ ಇಳಿದವಳಲ್ಲವೇ.
ವಕೀಲರು ತಲೆದೂಗಿ ಇನ್ನೂ ಐವತ್ತು ಪ್ರತಿ ಕೇಳಿದರು.

ಒರ್ಸೊಲಾಗೆ ಒಂದು ಹಾಳೆ ಕದ್ದೊಯ್ದು ಕೊಟ್ಟೆ.
ಊರವರ ಅಂಗಿಗಳು ತೊಟ್ಟಿಕ್ಕುವ ಹಗ್ಗದ ಕೆಳಗೆ ನಿಂತು
ಬೆರಳಿಟ್ಟು ಎಣಿಸಿದಳು, ನಿಧಾನ.
ಎರಡು ಕಡಿಮೆ, ಎಂದಳು. ಕೈಯೂ ಬೇರೆ.
ಆಮೇಲೆ ಹಾಳೆ ಮಡಚಿ
ರವಿಕೆಯೊಳಗೆ ಇಟ್ಟುಕೊಂಡಳು.

ತಾಮ್ರ ಮೆದು. ಅಚ್ಚೊತ್ತಿದಷ್ಟೂ ಸವೆಯುತ್ತದೆ.
ಮೊದಲು ಹೋದದ್ದು ರೆಕ್ಕೆ, ಸಣ್ಣ ಗೆರೆಯ ಕೆಲಸ.
ಆಮೇಲೆ ಸೂರ್ಯನ ಕಿರಣ, ಮೋಡ, ಮಾಸ್ತರರ ಹೆಸರಿನ ಅರ್ಧ.
ಈಗ ಅಂಗಡಿ ನನ್ನದು. ನಿನ್ನೆ ಸುಮ್ಮನೆ ಒಂದು ಪ್ರತಿ ಎತ್ತಿದೆ:
ಮಂಡಿ ನೋವಿನ ಒಬ್ಬ ಮುದುಕ,
ಒಂದು ಮುಚ್ಚಳ,
ಕರಗಿಹೋದ ಹೆಂಗಸಿನ ಜಾಗದಲ್ಲಿ
ಆಳಕ್ಕೆ ಕಚ್ಚಿದ ಚುಕ್ಕೆಗಳು, ಕಪ್ಪಗೆ.

ಇವೇನು, ಎಂದ ನನ್ನ ಹುಡುಗ,
ಹೊಗೆ ಹಿಡಿಯುತ್ತಿದ್ದವನು, ಕತ್ತು ಹೊರಳಿಸಿ.
ಬಹಳ ಹೊತ್ತು ನೋಡಿದ.
ಅವನ ಬತ್ತಿ ಒಂದೇ ಕಡೆ ನಿಂತಿತ್ತು.